ಸರ್ವರ್ ಆಧಾರಿತ ಜಾಲ ತಂತ್ರಾಂಶವು ಕ್ಲೌಡ್ ಸೇವೆಗಳಿಗೆ ತನ್ನ ಗುರುತನ್ನು ದೃಢಪಡಿಸುವ ವಿಧಾನ

1. ಪೀಠಿಕೆ

ಸರ್ಕಾರಿ ಕಛೇರಿಗಳು, ಸ್ಥಳೀಯ ಸಂಸ್ಥೆಗಳು, ಶಿಕ್ಷಣ ಸಂಸ್ಥೆಗಳು ಹಾಗೂ ಖಾಸಗಿ ಸಂಸ್ಥೆಗಳ ಅನೇಕ ಜಾಲತಾಣಗಳು ಇಂದು ಕ್ಲೌಡ್ ಸೇವೆಗಳ ನೆರವಿನಿಂದ ಕಾರ್ಯ ನಿರ್ವಹಿಸುತ್ತಿವೆ. ಕಡತಗಳ ಸಂಗ್ರಹ, ಇ-ಮೇಲ್ ರವಾನೆ, ಕ್ಯಾಲೆಂಡರ್, ನಕ್ಷೆ ಮುಂತಾದ ಕೆಲಸಗಳಿಗಾಗಿ ಜಾಲತಾಣದ ಸರ್ವರ್ ಕ್ಲೌಡ್ ಸಂಸ್ಥೆಯ ಎಪಿಐ ಮುಖಾಂತರ ಕೋರಿಕೆಗಳನ್ನು ಕಳುಹಿಸುತ್ತದೆ. ಎಪಿಐ ಎಂದರೆ ಒಂದು ತಂತ್ರಾಂಶವು ಮತ್ತೊಂದು ತಂತ್ರಾಂಶದಿಂದ ಸೇವೆ ಪಡೆಯಲು ನಿಗದಿಪಡಿಸಿದ ದ್ವಾರ. ಪ್ರತಿಯೊಂದು ಕೋರಿಕೆಯನ್ನು ಪೂರೈಸುವ ಮೊದಲು ಕ್ಲೌಡ್ ಸೇವೆಯು ಎರಡು ಅಂಶಗಳನ್ನು ಪರಿಶೀಲಿಸುತ್ತದೆ: ಕೋರಿಕೆ ಕಳುಹಿಸಿದವರು ಯಾರು ಮತ್ತು ಅವರಿಗೆ ಆ ಕೆಲಸ ಮಾಡಲು ಅನುಮತಿ ಇದೆಯೇ. ಮೊದಲನೆಯದನ್ನು ದೃಢೀಕರಣವೆಂದೂ ಎರಡನೆಯದನ್ನು ಅಧಿಕಾರ ನೀಡಿಕೆಯೆಂದೂ ಕರೆಯಲಾಗುತ್ತದೆ.

ಸರ್ವರ್‌ನ ಕೀಲಿಯು ಅನ್ಯರ ಕೈಸೇರಿದಲ್ಲಿ, ಅದನ್ನು ಹಿಡಿದು ಬಂದವರನ್ನೇ ಕ್ಲೌಡ್ ಸೇವೆಯು ಜಾಲತಾಣವೆಂದು ನಂಬುತ್ತದೆ. ಸಾರ್ವಜನಿಕರು ವಿಶ್ವಾಸದಿಂದ ಸಲ್ಲಿಸಿದ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ವಿವರಗಳೆಲ್ಲವೂ ಆಗ ಅವರ ಪಾಲಾಗುತ್ತವೆ. ಆದುದರಿಂದ ಜಾಲತಾಣಗಳನ್ನು ನಿರ್ಮಿಸುವವರು ಹಾಗೂ ನಿರ್ವಹಿಸುವವರು ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಮೊದಲು ನಿರ್ಧರಿಸಬೇಕಾದ ಅಂಶ: ಕೋರಿಕೆ ಯಾರ ಹೆಸರಿನಲ್ಲಿ?

ವಿಧಾನವನ್ನು ಆಯ್ಕೆ ಮಾಡುವ ಮುನ್ನ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳತಕ್ಕದ್ದು.

ಅ) ಬಳಕೆದಾರರ ಪರವಾಗಿ: ಉದಾಹರಣೆಗೆ, ಕಾಲೇಜೊಂದರ ಜಾಲತಾಣವು ಉಪನ್ಯಾಸಕರ ಸ್ವಂತ ಗೂಗಲ್ ಕ್ಯಾಲೆಂಡರ್‌ನಲ್ಲಿ ಪರೀಕ್ಷಾ ದಿನಾಂಕಗಳನ್ನು ನಮೂದಿಸುವುದು. ಇಲ್ಲಿ ದತ್ತಾಂಶವು ಉಪನ್ಯಾಸಕರದ್ದಾಗಿರುವುದರಿಂದ ಅವರ ಒಪ್ಪಿಗೆ ಅವಶ್ಯಕ.

ಆ) ತಂತ್ರಾಂಶದ ಸ್ವಂತ ಹೆಸರಿನಲ್ಲಿ: ಉದಾಹರಣೆಗೆ, ವಿದ್ಯಾರ್ಥಿವೇತನದ ಜಾಲತಾಣವು ಅರ್ಜಿದಾರರು ಸಲ್ಲಿಸಿದ ದಾಖಲೆಗಳನ್ನು ಸಂಸ್ಥೆಯ ಕ್ಲೌಡ್ ಸಂಗ್ರಹದಲ್ಲಿ ಇರಿಸುವುದು. ಇಲ್ಲಿ ಸಂಗ್ರಹವು ಸಂಸ್ಥೆಯದ್ದಾಗಿದ್ದು, ತಂತ್ರಾಂಶವು ತನ್ನ ಗುರುತನ್ನು ಮಾತ್ರ ದೃಢಪಡಿಸಬೇಕಾಗಿರುತ್ತದೆ.

3. ಬಳಕೆದಾರರ ಪರವಾಗಿ ಕಾರ್ಯ ನಿರ್ವಹಿಸುವಾಗ ಅನುಸರಿಸುವ ವಿಧಾನ

ಹಿಂದೆ ಕೆಲವು ಜಾಲತಾಣಗಳು ಬಳಕೆದಾರರ ಗುಪ್ತಪದವನ್ನೇ ಕೇಳಿ ಪಡೆದು, ಅವರ ಹೆಸರಿನಲ್ಲಿ ಬೇರೆ ಸೇವೆಗಳನ್ನು ಪ್ರವೇಶಿಸುತ್ತಿದ್ದವು. ಮನೆಯ ಒಂದು ಕೋಣೆಯ ಕೆಲಸಕ್ಕೆ ಇಡೀ ಮನೆಯ ಬೀಗದ ಕೈ ಕೊಟ್ಟಂತೆ ಇದು ಅಪಾಯಕಾರಿ. ಇದನ್ನು ತಪ್ಪಿಸಲು ರೂಪುಗೊಂಡ ಮಾನದಂಡವೇ ಓಆತ್. ಇದರ 2.0 ಆವೃತ್ತಿಯು ಆರ್‌ಎಫ್‌ಸಿ 6749 ಎಂಬ ಸಂಖ್ಯೆಯಲ್ಲಿ ಅಕ್ಟೋಬರ್ 2012ರಲ್ಲಿ ಪ್ರಕಟವಾಯಿತು. ಗೂಗಲ್, ಮೈಕ್ರೋಸಾಫ್ಟ್ ಮೊದಲಾದ ಸಂಸ್ಥೆಗಳ ಎಪಿಐಗಳಲ್ಲಿಯೂ ಭಾರತ ಸರ್ಕಾರದ ಡಿಜಿಲಾಕರ್ ಸೇವೆಯಲ್ಲಿಯೂ ಇದೇ ಮಾನದಂಡ ಬಳಕೆಯಲ್ಲಿದೆ. ಇದರ ಹಂತಗಳು ಈ ಕೆಳಕಂಡಂತಿವೆ:

(1) ನೋಂದಣಿ: ತಂತ್ರಾಂಶವನ್ನು ಕ್ಲೌಡ್ ಸಂಸ್ಥೆಯಲ್ಲಿ ಮುಂಚಿತವಾಗಿ ನೋಂದಾಯಿಸಬೇಕು. ಆಗ ಕ್ಲೈಂಟ್ ಐಡಿ ಮತ್ತು ಕ್ಲೈಂಟ್ ಸೀಕ್ರೆಟ್ ಎಂಬ ಎರಡು ಅಂಶಗಳು ದೊರೆಯುತ್ತವೆ. ಮೊದಲನೆಯದು ಬಹಿರಂಗವಾಗಿರಬಹುದು, ಎರಡನೆಯದು ಸರ್ವರ್‌ನಲ್ಲಿ ಮಾತ್ರ ಗೋಪ್ಯವಾಗಿರತಕ್ಕದ್ದು. ಬಳಕೆದಾರರು ಮರಳಿ ಬರಬೇಕಾದ ವಿಳಾಸವನ್ನೂ ಆಗಲೇ ನೀಡಬೇಕು. ಗೂಗಲ್ ಸೇವೆಯಲ್ಲಿ ಈ ವಿಳಾಸವು ಒಂದು ಅಕ್ಷರವೂ ವ್ಯತ್ಯಾಸವಾಗದಂತೆ ಹೊಂದಿಕೆಯಾಗದಿದ್ದಲ್ಲಿ ಕೋರಿಕೆ ತಿರಸ್ಕೃತವಾಗುತ್ತದೆ.

(2) ಕಳುಹಿಸುವಿಕೆ: ಸರ್ವರ್ ಬಳಕೆದಾರರ ಬ್ರೌಸರನ್ನು ಕ್ಲೌಡ್ ಸಂಸ್ಥೆಯ ಪ್ರವೇಶ ಪುಟಕ್ಕೆ ಕಳುಹಿಸುತ್ತದೆ. ಯಾವ ಯಾವ ಅನುಮತಿಗಳು ಬೇಕೆಂಬ ಪಟ್ಟಿಯನ್ನೂ, ಊಹಿಸಲಾಗದ ಒಂದು ಯಾದೃಚ್ಛಿಕ ಗುರುತನ್ನೂ ಜೊತೆಯಲ್ಲಿ ಕಳುಹಿಸಬೇಕು. ಈ ಅನುಮತಿಗಳಿಗೆ ಸ್ಕೋಪ್ ಎಂದೂ, ಗುರುತಿಗೆ ಸ್ಟೇಟ್ ಎಂದೂ ಹೆಸರು.

(3) ಒಪ್ಪಿಗೆ: ಬಳಕೆದಾರರು ತಮ್ಮ ಗುಪ್ತಪದವನ್ನು ಕ್ಲೌಡ್ ಸಂಸ್ಥೆಯ ಪುಟದಲ್ಲಿ ಮಾತ್ರ ನಮೂದಿಸಿ, ಕೋರಿರುವ ಅನುಮತಿಗಳನ್ನು ಓದಿ ಒಪ್ಪಿಗೆ ನೀಡುತ್ತಾರೆ ಅಥವಾ ನಿರಾಕರಿಸುತ್ತಾರೆ.

(4) ತಾತ್ಕಾಲಿಕ ಸಂಕೇತ: ಒಪ್ಪಿಗೆ ದೊರೆತ ನಂತರ ಬ್ರೌಸರ್ ಮೂಲಕ ಸರ್ವರ್‌ಗೆ ಆಥರೈಸೇಷನ್ ಕೋಡ್ ಎಂಬ ಸಂಕೇತ ಬರುತ್ತದೆ. ಇದನ್ನು ಒಮ್ಮೆ ಮಾತ್ರ ಬಳಸಬಹುದು. ಇದರ ಅವಧಿ 10 ನಿಮಿಷಗಳನ್ನು ಮೀರಬಾರದೆಂದು ಮಾನದಂಡವು ಶಿಫಾರಸು ಮಾಡಿದೆ. ಮರಳಿ ಬಂದ ಸ್ಟೇಟ್ ಗುರುತು ತಾನು ಕಳುಹಿಸಿದ್ದೇ ಎಂಬುದನ್ನು ಸರ್ವರ್ ಈ ಹಂತದಲ್ಲಿ ಕಡ್ಡಾಯವಾಗಿ ತಾಳೆ ನೋಡಬೇಕು. ತಾಳೆಯಾಗದ ಕೋರಿಕೆಯನ್ನು ತಿರಸ್ಕರಿಸಬೇಕು.

(5) ವಿನಿಮಯ: ಸರ್ವರ್ ಆ ಸಂಕೇತವನ್ನು ಕ್ಲೈಂಟ್ ಸೀಕ್ರೆಟ್‌ನೊಂದಿಗೆ ಕ್ಲೌಡ್ ಸಂಸ್ಥೆಗೆ ನೇರವಾಗಿ ಕಳುಹಿಸಿ ಆಕ್ಸೆಸ್ ಟೋಕನ್ ಪಡೆಯುತ್ತದೆ. ಈ ವಿನಿಮಯವು ಬ್ರೌಸರ್ ಮೂಲಕ ಹಾದುಹೋಗುವುದಿಲ್ಲ. ಸರ್ವರ್ ಆಧಾರಿತ ವಿಧಾನದ ಮುಖ್ಯ ಸುರಕ್ಷತೆ ಇರುವುದು ಇಲ್ಲಿಯೇ.

(6) ಬಳಕೆ: ಇನ್ನು ಮುಂದೆ ಪ್ರತಿ ಎಪಿಐ ಕೋರಿಕೆಯ ಜೊತೆಗೆ ಆಕ್ಸೆಸ್ ಟೋಕನ್ ಕಳುಹಿಸಬೇಕು. ಇದು ಅವಧಿ ನಮೂದಿಸಿದ ರಹದಾರಿ ಇದ್ದಂತೆ. ಗೂಗಲ್ ಸೇವೆಯಲ್ಲಿ ಇದರ ಅವಧಿ ಸಾಮಾನ್ಯವಾಗಿ 1 ಗಂಟೆ.

ಸಂಕೇತವನ್ನು ನಡುವೆ ಕದ್ದರೂ ಬಳಸಲಾಗದಂತೆ ಮಾಡುವ ಪಿಕೆಸಿಇ ಎಂಬ ಹೆಚ್ಚುವರಿ ರಕ್ಷಣೆಯು 2015ರಲ್ಲಿ ಆರ್‌ಎಫ್‌ಸಿ 7636ರ ಮೂಲಕ ಜಾರಿಗೆ ಬಂದಿತು. ಜನವರಿ 2025ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 9700, ಸರ್ವರ್ ಆಧಾರಿತ ತಂತ್ರಾಂಶಗಳಿಗೂ ಇದನ್ನು ಶಿಫಾರಸು ಮಾಡಿದೆ.

4. ರಿಫ್ರೆಶ್ ಟೋಕನ್

ಬಳಕೆದಾರರು ಜಾಲತಾಣದಲ್ಲಿ ಇಲ್ಲದಿರುವಾಗಲೂ ಕೆಲಸ ಮುಂದುವರಿಯಬೇಕಿದ್ದಲ್ಲಿ ರಿಫ್ರೆಶ್ ಟೋಕನ್ ಕೋರಬಹುದು. ಆಕ್ಸೆಸ್ ಟೋಕನ್ ಅವಧಿ ಮುಗಿದಾಗ ಇದನ್ನು ತೋರಿಸಿ ಹೊಸದನ್ನು ಪಡೆಯಬಹುದು. ಗೂಗಲ್ ಸೇವೆಯಲ್ಲಿ ಇದು ಸಾಮಾನ್ಯವಾಗಿ ಮೊದಲ ಬಾರಿ ಒಪ್ಪಿಗೆ ನೀಡಿದಾಗ ಮಾತ್ರ ದೊರೆಯುವುದರಿಂದ ಅದೇ ಸಮಯದಲ್ಲಿ ಗೂಢಲಿಪೀಕರಿಸಿ ದತ್ತಸಂಚಯದಲ್ಲಿ ಇರಿಸತಕ್ಕದ್ದು. 6 ತಿಂಗಳು ಬಳಸದೆ ಇದ್ದಲ್ಲಿ ಅಥವಾ ಬಳಕೆದಾರರು ಒಪ್ಪಿಗೆ ಹಿಂಪಡೆದಲ್ಲಿ ಇದು ಅಮಾನ್ಯವಾಗುತ್ತದೆ. ಆಗ ತಂತ್ರಾಂಶವು ಸ್ಥಗಿತಗೊಳ್ಳದೆ, ಬಳಕೆದಾರರಿಂದ ಹೊಸದಾಗಿ ಒಪ್ಪಿಗೆ ಕೋರುವಂತೆ ವ್ಯವಸ್ಥೆ ಇರಬೇಕು.

5. ತಂತ್ರಾಂಶದ ಸ್ವಂತ ಹೆಸರಿನಲ್ಲಿ ಕಾರ್ಯ ನಿರ್ವಹಿಸುವ ವಿಧಾನ

ಅ) ಸರ್ವರ್ ಅದೇ ಕ್ಲೌಡ್‌ನಲ್ಲಿ ಇದ್ದಲ್ಲಿ: ಯಾವುದೇ ಕೀಲಿಯನ್ನು ಕಡತದಲ್ಲಿ ಇರಿಸುವ ಅವಶ್ಯಕತೆ ಇರುವುದಿಲ್ಲ. ಅಮೆಜಾನ್ ಸೇವೆಯಲ್ಲಿ ಐಎಎಂ ರೋಲ್, ಗೂಗಲ್ ಸೇವೆಯಲ್ಲಿ ಸರ್ವೀಸ್ ಅಕೌಂಟ್, ಮೈಕ್ರೋಸಾಫ್ಟ್ ಅಜೂರ್‌ನಲ್ಲಿ ಮ್ಯಾನೇಜ್ಡ್ ಐಡೆಂಟಿಟಿ ಎಂಬ ಗುರುತನ್ನು ಸರ್ವರ್‌ಗೆ ಜೋಡಿಸಬಹುದು. ಸರ್ವರ್ ಒಳಗಿನಿಂದ ಮಾತ್ರ ತಲುಪಬಹುದಾದ 169.254.169.254 ಎಂಬ ವಿಳಾಸದಿಂದ ತಂತ್ರಾಂಶವು ಅಲ್ಪಾವಧಿಯ ಟೋಕನ್ ಪಡೆಯುತ್ತದೆ. ಅವಧಿ ಮುಗಿಯುವ ಮುನ್ನ ಹೊಸ ಟೋಕನ್ ತಾನಾಗಿಯೇ ದೊರೆಯುತ್ತದೆ.

ಆ) ಸರ್ವರ್ ಸಂಸ್ಥೆಯ ಸ್ವಂತ ದತ್ತಾಂಶ ಕೇಂದ್ರದಲ್ಲಿ ಇದ್ದಲ್ಲಿ: ಸಂಸ್ಥೆಯಲ್ಲಿ ಈಗಾಗಲೇ ಇರುವ ಗುರುತಿನ ವ್ಯವಸ್ಥೆಯನ್ನು ಕ್ಲೌಡ್ ಸೇವೆಯು ನಂಬುವಂತೆ ಏರ್ಪಾಡು ಮಾಡಿಕೊಂಡು, ಅದರ ಆಧಾರದ ಮೇಲೆ ಅಲ್ಪಾವಧಿಯ ಟೋಕನ್ ಪಡೆಯಬಹುದು. ಗೂಗಲ್‌ನ ವರ್ಕ್‌ಲೋಡ್ ಐಡೆಂಟಿಟಿ ಫೆಡರೇಷನ್ ಹಾಗೂ 2022ರಲ್ಲಿ ಅಮೆಜಾನ್ ಪರಿಚಯಿಸಿದ ಐಎಎಂ ರೋಲ್ಸ್ ಎನಿವೇರ್ ಈ ಬಗೆಯವು.

ಇ) ಮೇಲ್ಕಂಡ ಎರಡೂ ಸಾಧ್ಯವಿಲ್ಲದಿದ್ದಲ್ಲಿ ಮಾತ್ರ: ದೀರ್ಘಾವಧಿಯ ಕೀಲಿಯನ್ನು ಬಳಸಬಹುದು. ಗೂಗಲ್ ಸರ್ವೀಸ್ ಅಕೌಂಟ್‌ನ ಖಾಸಗಿ ಕೀಲಿಯಿಂದ ತಂತ್ರಾಂಶವು ಒಂದು ಹೇಳಿಕೆಗೆ ಡಿಜಿಟಲ್ ಸಹಿ ಹಾಕಿ, ಅದಕ್ಕೆ ಬದಲಾಗಿ ಆಕ್ಸೆಸ್ ಟೋಕನ್ ಪಡೆಯುತ್ತದೆ. ಈ ಹೇಳಿಕೆಯ ಅವಧಿ 1 ಗಂಟೆಯನ್ನು ಮೀರುವಂತಿಲ್ಲ. ಸರ್ವರ್‌ನ ಗಡಿಯಾರ ತಪ್ಪಾಗಿದ್ದಲ್ಲಿ ಸರಿಯಾದ ಕೀಲಿ ಇದ್ದರೂ ಕೋರಿಕೆ ತಿರಸ್ಕೃತವಾಗುವುದರಿಂದ ಸಮಯವನ್ನು ಎನ್‌ಟಿಪಿ ಮೂಲಕ ಸರಿಹೊಂದಿಸಿಕೊಂಡಿರಬೇಕು.

6. ಗಮನಿಸಬೇಕಾದ ಎರಡು ಪ್ರಕರಣಗಳು

2016ರಲ್ಲಿ ಊಬರ್ ಸಂಸ್ಥೆಯ ಇಂಜಿನಿಯರುಗಳು ಬಳಸುತ್ತಿದ್ದ ಗಿಟ್‌ಹಬ್ ಖಾಸಗಿ ಭಂಡಾರವನ್ನು ಪ್ರವೇಶಿಸಿದ ದುಷ್ಕರ್ಮಿಗಳಿಗೆ ಅಲ್ಲಿ ಅಮೆಜಾನ್ ಕ್ಲೌಡ್‌ನ ಕೀಲಿ ದೊರೆಯಿತು. ಅದರ ನೆರವಿನಿಂದ ಸುಮಾರು 5.7 ಕೋಟಿ ಪ್ರಯಾಣಿಕರ ಹಾಗೂ ಚಾಲಕರ ವಿವರಗಳು ಕಳುವಾದವು. ಸಂಸ್ಥೆಯು ಇದನ್ನು ಬಹಿರಂಗಪಡಿಸಿದ್ದು ನವೆಂಬರ್ 2017ರಲ್ಲಿ. 2018ರಲ್ಲಿ ಅಮೆರಿಕದ ರಾಜ್ಯಗಳೊಂದಿಗೆ 14.8 ಕೋಟಿ ಡಾಲರ್ ಪಾವತಿಯ ಒಪ್ಪಂದಕ್ಕೆ ಬರಬೇಕಾಯಿತು. ಭಂಡಾರವು ಖಾಸಗಿಯಾಗಿದ್ದ ಮಾತ್ರಕ್ಕೆ ಅಲ್ಲಿ ಕೀಲಿ ಇರಿಸುವುದು ಸುರಕ್ಷಿತವಲ್ಲ ಎಂಬುದು ಇದರಿಂದ ತಿಳಿದುಬರುತ್ತದೆ.

2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ ಕಡತದಿಂದ ಕೀಲಿ ಸೋರಿರಲಿಲ್ಲ. ಸರಿಯಾಗಿ ಹೊಂದಿಸದ ಫೈರ್‌ವಾಲ್ ಮೂಲಕ ಸರ್ವರ್ ಒಳಗಿನ ಮೇಲ್ಕಂಡ ವಿಳಾಸಕ್ಕೆ ಕೋರಿಕೆ ಕಳುಹಿಸಿ ತಾತ್ಕಾಲಿಕ ಟೋಕನ್ ಪಡೆಯಲಾಗಿತ್ತು. ಆ ಗುರುತಿಗೆ ಅಗತ್ಯಕ್ಕಿಂತ ಹೆಚ್ಚಿನ ಅನುಮತಿ ಇದ್ದುದರಿಂದ ಅಮೆರಿಕದ ಸುಮಾರು 10 ಕೋಟಿ ಹಾಗೂ ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಸೋರಿಕೆಯಾಯಿತು. 2020ರಲ್ಲಿ ಬ್ಯಾಂಕಿಗೆ 8 ಕೋಟಿ ಡಾಲರ್ ದಂಡ ವಿಧಿಸಲಾಯಿತು. ಅಮೆಜಾನ್ ನವೆಂಬರ್ 2019ರಲ್ಲಿ ಈ ವಿಳಾಸದ ಸೇವೆಗೆ ಹೆಚ್ಚು ಸುರಕ್ಷಿತವಾದ ಎರಡನೇ ಆವೃತ್ತಿಯನ್ನು ಬಿಡುಗಡೆ ಮಾಡಿತು. ಅಮೆಜಾನ್ ಸೇವೆ ಬಳಸುವವರು ಅದನ್ನೇ ಕಡ್ಡಾಯಗೊಳಿಸಿಕೊಳ್ಳುವುದು ಸೂಕ್ತ. ಅಲ್ಪಾವಧಿಯ ಟೋಕನ್ ಒಂದೇ ಸಾಲದು, ಅನುಮತಿಯೂ ಮಿತವಾಗಿರಬೇಕು ಎಂಬುದು ಈ ಪ್ರಕರಣದ ಪಾಠ.

7. ಕಡ್ಡಾಯವಾಗಿ ಪಾಲಿಸಬೇಕಾದ ಸೂಚನೆಗಳು

• ಕೀಲಿ, ಸೀಕ್ರೆಟ್ ಅಥವಾ ಟೋಕನ್‌ಗಳನ್ನು ಮೂಲ ಸಂಕೇತದಲ್ಲಿ, ಬ್ರೌಸರ್‌ಗೆ ಹೋಗುವ ಪುಟಗಳಲ್ಲಿ, ಇ-ಮೇಲ್‌ನಲ್ಲಿ ಹಾಗೂ ದಿನಚರಿ ಕಡತಗಳಲ್ಲಿ ಬರೆಯಬಾರದು. ಇವುಗಳಿಗೆಂದೇ ಕ್ಲೌಡ್ ಸಂಸ್ಥೆಗಳು ಒದಗಿಸಿರುವ ಗೋಪ್ಯ ಸಂಗ್ರಹವನ್ನು ಬಳಸಬೇಕು.
• ಅಭಿವೃದ್ಧಿ, ಪರೀಕ್ಷೆ ಹಾಗೂ ಸಾರ್ವಜನಿಕ ಬಳಕೆಯ ಸರ್ವರ್‌ಗಳಿಗೆ ಬೇರೆ ಬೇರೆ ಗುರುತುಗಳನ್ನು ಹೊಂದಿರಬೇಕು.
• ಕಡತ ಓದುವುದಷ್ಟೇ ಅಗತ್ಯವಿದ್ದಲ್ಲಿ ಅಳಿಸುವ ಅನುಮತಿಯನ್ನು ನೀಡಬಾರದು.
• ಗುತ್ತಿಗೆ ಸಂಸ್ಥೆಯು ಜಾಲತಾಣವನ್ನು ಹಸ್ತಾಂತರಿಸಿದ ದಿನವೇ ಅದರ ಬಳಿಯಿದ್ದ ಕೀಲಿಗಳನ್ನು ರದ್ದುಪಡಿಸಿ ಹೊಸದನ್ನು ಪಡೆಯಬೇಕು.

8. ಕೀಲಿ ಸೋರಿಕೆಯಾದಲ್ಲಿ ಕೈಗೊಳ್ಳಬೇಕಾದ ಕ್ರಮ

ಮೂಲ ಸಂಕೇತದಿಂದ ಕೀಲಿಯ ಸಾಲನ್ನು ಅಳಿಸಿದರೆ ಸಾಲದು. ಹಳೆಯ ಆವೃತ್ತಿಗಳಲ್ಲಿ ಅದು ಉಳಿದೇ ಇರುತ್ತದೆ. ಮೊದಲು ಕೀಲಿಯನ್ನು ಕ್ಲೌಡ್ ಸೇವೆಯಲ್ಲಿಯೇ ರದ್ದುಪಡಿಸಬೇಕು. ಈಗಾಗಲೇ ನೀಡಿರುವ ಟೋಕನ್‌ಗಳು ಅವಧಿ ಮುಗಿಯುವವರೆಗೆ ಚಾಲ್ತಿಯಲ್ಲಿರಬಹುದಾದ್ದರಿಂದ, ಸದರಿ ಗುರುತಿನ ಅನುಮತಿಗಳನ್ನೂ ಹಿಂಪಡೆಯಬೇಕು. ನಂತರ ಆ ಕೀಲಿಯಿಂದ ಯಾವ ಯಾವ ಕೋರಿಕೆಗಳು ಬಂದಿವೆ ಎಂಬುದನ್ನು ದಿನಚರಿ ಕಡತಗಳಿಂದ ಪರಿಶೀಲಿಸಬೇಕು.

ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವು, ಅಂದರೆ ಸರ್ಟ್-ಇನ್, 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ದತ್ತಾಂಶ ಸೋರಿಕೆಯಂತಹ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕಾಗಿರುತ್ತದೆ. ದಿನಚರಿ ಕಡತಗಳನ್ನು 180 ದಿನಗಳವರೆಗೆ ಕಾಪಾಡಿಕೊಂಡು ಬರುವುದೂ ಕಡ್ಡಾಯ. ಕೀಲಿಯನ್ನು ರದ್ದುಪಡಿಸುವ ಅಧಿಕಾರ ಯಾರಿಗಿದೆ, ವರದಿ ಮಾಡುವವರು ಯಾರು ಎಂಬುದನ್ನು ಪ್ರತಿ ಸಂಸ್ಥೆಯೂ ಮುಂಚಿತವಾಗಿ ಲಿಖಿತ ರೂಪದಲ್ಲಿ ನಿಗದಿಪಡಿಸಿರತಕ್ಕದ್ದು.