ಸ್ಕ್ಯಾನರ್ ಗುಂಡಿಗಳು ಹೇಳುವ ಕಥೆ: ಗಾಳಿಯಲ್ಲಿ ಬಂದ ಮಾತು ಯಾರದ್ದು?

ಇವತ್ತಿನ ಕಂತು ಒಂದು ಪುಟ್ಟ ಯಂತ್ರದ ಬಗ್ಗೆ. ಅಂಗೈಯಲ್ಲಿ ಹಿಡಿಯಬಹುದು, ಮೇಲೊಂದು ಗಿಡ್ಡ ಆಂಟೆನಾ, ನೋಡೋಕೆ ಥೇಟ್ ಪೊಲೀಸರ ವಾಕಿಟಾಕಿ. ಆದರೆ ಇದರಲ್ಲಿ ಮಾತಾಡೋಕೆ ಆಗಲ್ಲ. ಕೇಳೋಕೆ ಮಾತ್ರ. ಹೆಸರು ರೇಡಿಯೋ ಸ್ಕ್ಯಾನರ್. ‘ನೈಟ್‌ಕ್ರಾಲರ್’ ಸಿನಿಮಾ ನೋಡಿದ್ದರೆ ಗೊತ್ತಿರುತ್ತೆ. ರಾತ್ರಿ ಹೊತ್ತು ಲಾಸ್ ಏಂಜಲೀಸ್‌ನಲ್ಲಿ ಕಾರು ಓಡಿಸ್ತಾ, ಪೊಲೀಸರ ರೇಡಿಯೋ ಮಾತು ಕೇಳಿದ ಕೂಡಲೇ ಕ್ಯಾಮೆರಾ ಹಿಡ್ಕೊಂಡು ಓಡ್ತಾನಲ್ಲ ಅವನು, ಅವನ ಕಾರಿನಲ್ಲಿ ಇರೋದು ಇದೇ.

ನಾನು ಓದಿದ್ದು ಬಿಕಾಂ, ಎಲೆಕ್ಟ್ರಾನಿಕ್ಸ್ ನನ್ನ ಸಬ್ಜೆಕ್ಟ್ ಅಲ್ಲ. ಈ ಯಂತ್ರ ನನ್ನನ್ನ ಹಿಡಿದು ಕೂರಿಸಿದ್ದು ಬೇರೆ ಕಾರಣಕ್ಕೆ. ಇದರ ಒಂದೊಂದು ಗುಂಡಿಯ ಹಿಂದೆ ಒಂದೊಂದು ಜಗಳ ಇದೆ. ಎಲ್ಲ ಜಗಳಕ್ಕೂ ಮೂಲ ಒಂದೇ ಪ್ರಶ್ನೆ: ನನ್ನ ಮನೆಯೊಳಗೆ, ನನ್ನ ಮೈಮೇಲೆ ಹಾದು ಹೋಗೋ ರೇಡಿಯೋ ಅಲೆಯನ್ನ ಕೇಳಿಸಿಕೊಳ್ಳೋ ಹಕ್ಕು ನನಗಿದೆಯಾ? ಹಾಗಾಗಿ ಇವತ್ತು ಸ್ಕ್ಯಾನರ್ ಆನ್ ಮಾಡಿ, ಒಂದೊಂದೇ ಗುಂಡಿ ಒತ್ತುತ್ತಾ ಹೋಗೋಣ.

ಮೊದಲು, ಆನ್

1928ರ ಏಪ್ರಿಲ್, ಅಮೆರಿಕದ ಡೆಟ್ರಾಯಿಟ್. ಮದ್ಯ ನಿಷೇಧದ ಕಾಲ. ಕಳ್ಳರ ಕೈಗೆ ವೇಗದ ಕಾರು ಬಂದುಬಿಟ್ಟಿದೆ, ಪೊಲೀಸರು ಹಿಂದೆ ಬಿದ್ದಿದ್ದಾರೆ. ಆಗ ಡೆಟ್ರಾಯಿಟ್ ಪೊಲೀಸರು ಗಸ್ತು ಕಾರುಗಳಿಗೆ ರೇಡಿಯೋ ಕೂರಿಸಿ, ಠಾಣೆಯಿಂದ ದಿನವೂ ಸಂದೇಶ ಕಳಿಸೋ ವ್ಯವಸ್ಥೆ ಶುರು ಮಾಡಿದರು. ತಮಾಷೆ ಏನಂದ್ರೆ, ಆ ಕಾರುಗಳಲ್ಲೂ ಕೇಳೋಕೆ ಮಾತ್ರ ಆಗ್ತಿತ್ತು. ‘ಇಂಥ ರಸ್ತೆಯಲ್ಲಿ ದರೋಡೆ’ ಅಂತ ಕೇಳಿಸುತ್ತೆ, ಪೊಲೀಸಪ್ಪ ಉತ್ತರ ಕೊಡಬೇಕಂದ್ರೆ ಕಾರು ನಿಲ್ಲಿಸಿ ಫೋನ್ ಹುಡುಕಬೇಕು. ಎರಡೂ ಕಡೆ ಮಾತಾಡೋ ಪೊಲೀಸ್ ರೇಡಿಯೋ ಬಂದದ್ದು 1933ರಲ್ಲಿ, ನ್ಯೂಜೆರ್ಸಿಯ ಬೇಯಾನ್ ಊರಿನಲ್ಲಿ.

ಆ ದಿನಗಳಲ್ಲಿ ಪೊಲೀಸರ ಫ್ರೀಕ್ವೆನ್ಸಿ ಇದ್ದದ್ದು ಹಾಡು, ನ್ಯೂಸ್ ಬರೋ ಸ್ಟೇಷನ್‌ಗಳ ಪಕ್ಕದಲ್ಲೇ. ಮನೆಯ ರೇಡಿಯೋ ಮುಳ್ಳನ್ನ ಸ್ವಲ್ಪ ಆಚೆ ತಿರುಗಿಸಿದರೆ ಸಾಕು, ಪೊಲೀಸರ ಮಾತು ಕೇಳಿಸ್ತಿತ್ತು. 30ರ ದಶಕದ ಎಷ್ಟೋ ಅಮೆರಿಕನ್ ರೇಡಿಯೋಗಳ ಡಯಲ್ ಮೇಲೆ ‘ಪೊಲೀಸ್’ ಅಂತಲೇ ಅಚ್ಚಾಗಿದೆ. ಕಂಪನಿಗಳಿಗೆ ಅದು ಮಾರಾಟದ ಸರಕು. ಪೊಲೀಸರ ಕೆಲಸ ಊಟದ ಹೊತ್ತಿಗೆ ಜನರಿಗೆ ಮನರಂಜನೆ.

ಇದನ್ನ ಕಸುಬು ಮಾಡಿಕೊಂಡವನು ವೀಜಿ. ನಿಜ ಹೆಸರು ಆರ್ಥರ್ ಫೆಲಿಗ್, ನ್ಯೂಯಾರ್ಕ್‌ನ ಪತ್ರಿಕಾ ಛಾಯಾಗ್ರಾಹಕ. ಅಲ್ಲಿ ಕಾರಿನಲ್ಲಿ ಪೊಲೀಸ್ ರೇಡಿಯೋ ಇಟ್ಟುಕೊಳ್ಳೋಕೆ ಅನುಮತಿ ಬೇಕಿತ್ತು. 1938ರಲ್ಲಿ ಅವನಿಗೆ ಅದು ಸಿಕ್ಕಿತು. ಕಾರಿನ ಡಿಕ್ಕಿಯಲ್ಲಿ ಟೈಪ್‌ರೈಟರ್, ಫ್ಲ್ಯಾಷ್ ಬಲ್ಬು. ಕೊಲೆ, ಬೆಂಕಿ, ಅಪಘಾತ ಎಲ್ಲೇ ಆಗಲಿ ಅವನು ಹಾಜರ್. ನಗರದ ಬಡವರ ರಾತ್ರಿಗಳು ಹೇಗಿದ್ದವು ಅಂತ ಇವತ್ತಿಗೂ ನಮಗೆ ತೋರಿಸೋದು ಅವನ ಫೋಟೋಗಳೇ. ಪೊಲೀಸರು ಬರೆದುಕೊಂಡ ವರದಿಗಿಂತ ಬೇರೆಯದ್ದೇ ಸಾಕ್ಷಿ ಅದು.

ಒಂದು ವರ್ಷದ ಅಂತರ, ಎರಡು ಕಾನೂನು

ಇಲ್ಲಿ ಒಂದು ನಿಮಿಷ ನಿಲ್ಲೋಣ, ಯಾಕಂದ್ರೆ ಇಡೀ ಕಥೆಯ ಕೀಲಿ ಇಲ್ಲಿದೆ.

1934ರಲ್ಲಿ ಅಮೆರಿಕ ಸಂವಹನ ಕಾಯ್ದೆ ತಂದಿತು. ಅದರ 605ನೇ ಸೆಕ್ಷನ್‌ನ ಸಾರ ಇಷ್ಟು: ನಿನಗಲ್ಲದ ರೇಡಿಯೋ ಮಾತು ನಿನಗೆ ಸಿಕ್ಕರೆ ಅದನ್ನ ಇನ್ನೊಬ್ಬರಿಗೆ ಹೇಳಬೇಡ, ಅದರಿಂದ ಲಾಭ ಮಾಡಿಕೊಳ್ಳಬೇಡ. ಅಂದ್ರೆ ಕಿವಿಗೆ ಬೀಗ ಇಲ್ಲ, ಬಾಯಿಗೆ ಬೀಗ.

ಅದಕ್ಕೆ ಒಂದೇ ವರ್ಷ ಮೊದಲು, 1933ರಲ್ಲಿ, ಬ್ರಿಟಿಷ್ ಸರ್ಕಾರ ಭಾರತದಲ್ಲಿ ಇಂಡಿಯನ್ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ತಂದಿತ್ತು. ಇಲ್ಲಿ ಲೆಕ್ಕವೇ ಬೇರೆ. ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಯಂತ್ರವನ್ನ ಇಟ್ಟುಕೊಳ್ಳೋದೇ ಅಪರಾಧ. ಏನು ಕೇಳಿದೆ, ಯಾರಿಗೆ ಹೇಳಿದೆ ಅನ್ನೋದು ಆಮೇಲಿನ ಮಾತು, ಮೊದಲು ಕೈಗೇ ಬೀಗ. ಹಾಡು ಕೇಳೋ ಮಾಮೂಲಿ ರೇಡಿಯೋಗೂ ಪೋಸ್ಟ್ ಆಫೀಸಿನಲ್ಲಿ ವರ್ಷ ವರ್ಷ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕದಲ್ಲಿ ಮುದ್ರೆ ಹಾಕಿಸ್ಕೋಬೇಕಿತ್ತು. ಸ್ವಾತಂತ್ರ್ಯ ಬಂದ ಮೇಲೂ ದಶಕಗಳ ಕಾಲ ಅದು ನಡೆಯಿತು. ನಿಮ್ಮ ಮನೆಯ ಹಳೇ ಟ್ರಂಕಿನಲ್ಲಿ ಅಂಥ ಪುಸ್ತಕ ಸಿಕ್ಕರೂ ಸಿಗಬಹುದು, ಅಜ್ಜ ಅಜ್ಜಿ ಇದ್ದರೆ ಕೇಳಿ ನೋಡಿ.

ಆಳುವವರಿಗೆ ಜನ ಕೇಳಿಸಿಕೊಳ್ಳೋದರ ಬಗ್ಗೆ ಎಷ್ಟು ಭಯ ಇತ್ತು ಅಂತ ಈ ಎರಡು ಕಾನೂನು ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತೆ. ಈಗ ಮತ್ತೆ ಅಮೆರಿಕಕ್ಕೆ ಹೋಗೋಣ.

ಸ್ಕ್ವೆಲ್ಚ್ ಮತ್ತು ಸ್ಕ್ಯಾನ್

ಪೊಲೀಸ್ ರೇಡಿಯೋ ಎಫ್ಎಂಗೆ, ಮೇಲಿನ ಫ್ರೀಕ್ವೆನ್ಸಿಗಳಿಗೆ ಹೋದ ಮೇಲೆ ಮನೆಯ ರೇಡಿಯೋದಲ್ಲಿ ಕೇಳೋದು ನಿಂತುಹೋಯ್ತು. ಬೇರೆ ರಿಸೀವರ್ ಬೇಕಾಯ್ತು. ಎಫ್ಎಂನ ಒಂದು ಗುಣ ಅಂದ್ರೆ, ಯಾರೂ ಮಾತಾಡದೇ ಇದ್ದಾಗ ಜೋರಾಗಿ ‘ಸ್ಸ್ಸ್’ ಅಂತ ಸದ್ದು ಬರುತ್ತೆ. ಅದನ್ನ ಮುಚ್ಚೋ ಬಾಗಿಲೇ ಸ್ಕ್ವೆಲ್ಚ್. ಸೆಟ್ ಮಾಡೋ ರೀತಿ ಸುಲಭ: ಸದ್ದು ಬರೋವರೆಗೂ ಗುಂಡಿ ಹಿಂದಕ್ಕೆ ತಿರುಗಿಸಿ, ಆಮೇಲೆ ನಿಧಾನಕ್ಕೆ ಮುಂದಕ್ಕೆ ತನ್ನಿ, ಸದ್ದು ನಿಂತ ಜಾಗಕ್ಕಿಂತ ಕೂದಲೆಳೆಯಷ್ಟು ಮುಂದೆ ಬಿಡಿ. ನೆಮ್ಮದಿ ಬೇಕು ಅಂತ ಇನ್ನೂ ತಿರುಗಿಸಿದರೆ ದೂರದ, ಕ್ಷೀಣವಾದ ದನಿಗಳು ಬಾಗಿಲಾಚೆಯೇ ಉಳಿದುಬಿಡ್ತವೆ.

ಆಂಟೆನಾದ್ದು ಸಣ್ಣ ಭಾಗಾಕಾರ, ನಮ್ಮಂಥ ಕಾಮರ್ಸ್‌ನವರೂ ಮಾಡಬಹುದು. 300ನ್ನ ಮೆಗಾಹರ್ಟ್ಸ್‌ನಿಂದ ಭಾಗಿಸಿ, ಅಲೆಯ ಉದ್ದ ಮೀಟರ್‌ನಲ್ಲಿ ಬರುತ್ತೆ. 150 ಮೆಗಾಹರ್ಟ್ಸ್ ಆದರೆ 2 ಮೀಟರ್. ಅದರ ಕಾಲು ಭಾಗ, ಅಂದ್ರೆ 50 ಸೆಂಟಿಮೀಟರ್ ಕಡ್ಡಿ ಚೆನ್ನಾಗಿ ಹಿಡಿಯುತ್ತೆ. ಸ್ಕ್ಯಾನರ್ ಜೊತೆ ಬರೋ ಗಿಡ್ಡ ರಬ್ಬರ್ ಆಂಟೆನಾ ಜೇಬಿಗೆ ಅನುಕೂಲ, ಕಿವಿಗೆ ಅಷ್ಟಕ್ಕಷ್ಟೆ.

ಇನ್ನು ಸ್ಕ್ಯಾನ್. ಮೊದಮೊದಲ ಸ್ಕ್ಯಾನರ್‌ಗಳಿಗೆ ಒಂದೊಂದು ಚಾನೆಲ್‌ಗೂ ಒಂದೊಂದು ಹರಳು, ಅಂದ್ರೆ ಕ್ರಿಸ್ಟಲ್, ದುಡ್ಡು ಕೊಟ್ಟು ತಂದು ಹಾಕಬೇಕಿತ್ತು. ನಿಮ್ಮೂರಿನ ಪೊಲೀಸ್‌ಗೆ ಒಂದು, ಫೈರ್ ಬ್ರಿಗೇಡ್‌ಗೆ ಒಂದು. ಪೊಲೀಸರು ಫ್ರೀಕ್ವೆನ್ಸಿ ಬದಲಿಸಿದರೆ ಹರಳು ದಂಡ. 70ರ ದಶಕದ ನಡುವೆ ಇಂಡಿಯಾನಾದ ಎಲೆಕ್ಟ್ರಾ ಕಂಪನಿಯ ‘ಬೇರ್‌ಕ್ಯಾಟ್’ ಥರದ ಸ್ಕ್ಯಾನರ್‌ಗಳು ಹರಳನ್ನೇ ತೆಗೆದುಹಾಕಿದವು. ಕ್ರಮೇಣ ಕ್ಯಾಲ್ಕುಲೇಟರ್ ಥರ ಕೀಪ್ಯಾಡ್ ಬಂತು. ನಂಬರ್ ಒತ್ತಿ, ಯಂತ್ರ ಒಂದಾದ ಮೇಲೊಂದು ಚಾನೆಲ್ ತಡಕುತ್ತಾ ಹೋಗುತ್ತೆ, ಮಾತು ಸಿಕ್ಕಲ್ಲಿ ನಿಲ್ಲುತ್ತೆ. ‘ಡಿಲೇ’ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನ ಹಾಕಿಡಿ. ಒಬ್ಬರ ಮಾತು ಮುಗಿದ ಮೇಲೆ ಸುಮಾರು ಎರಡು ಸೆಕೆಂಡ್ ಅಲ್ಲೇ ಕಾಯುತ್ತೆ. ಇಲ್ಲದಿದ್ದರೆ ಪ್ರಶ್ನೆ ಕೇಳಿಸುತ್ತೆ, ಉತ್ತರ ತಪ್ಪಿಹೋಗುತ್ತೆ.

ಹರಳಿನ ಖರ್ಚು ಹೋದದ್ದೇ ಹವ್ಯಾಸ ಮನೆಮನೆಗೆ ಹೋಯ್ತು. ಊರಿನ ಪತ್ರಿಕಾ ಕಚೇರಿಗಳಲ್ಲಿ ಮೂಲೆಯಲ್ಲೊಂದು ಸ್ಕ್ಯಾನರ್ ಗುಂಯ್‌ಗುಡುತ್ತಾ ಇರೋದು ಮಾಮೂಲಾಯ್ತು.

ಲಾಕೌಟ್

ಬೇಡದ ಚಾನೆಲ್ ಬಿಟ್ಟು ಮುಂದೆ ಹೋಗು ಅನ್ನೋ ಗುಂಡಿ ಲಾಕೌಟ್. ಕೇಳುಗ ಬಳಸಲಿ ಅಂತ ಇಟ್ಟದ್ದು. ಆಮೇಲೆ ಸರ್ಕಾರವೇ ಒಂದು ದೊಡ್ಡ ಲಾಕೌಟ್ ಒತ್ತಿತು.

1983ರಲ್ಲಿ ಷಿಕಾಗೋದಲ್ಲಿ ಅಮೆರಿಕದ ಮೊದಲ ವಾಣಿಜ್ಯ ಮೊಬೈಲ್ ಸೇವೆ ಶುರುವಾಯ್ತು. ಆಗಿನ ಮೊಬೈಲ್ ಅಂದ್ರೆ 800 ಮೆಗಾಹರ್ಟ್ಸ್ ಆಸುಪಾಸಿನ ಸಾದಾ ಎಫ್ಎಂ. ಕೋಡ್ ಇಲ್ಲ, ಬೀಗ ಇಲ್ಲ. ಸ್ಕ್ಯಾನರ್ ಇದ್ದವರಿಗೆ ಪಕ್ಕದ ರಸ್ತೆಯವರ ಗಂಡ ಹೆಂಡಿರ ಜಗಳವೂ ಕೇಳಿಸ್ತಿತ್ತು. ಇದನ್ನ ಸರಿಪಡಿಸೋಕೆ ಎರಡು ದಾರಿ ಇತ್ತು: ಫೋನ್‌ಗೆ ಭದ್ರತೆ ಹಾಕೋದು, ಇಲ್ಲಾ ಕೇಳೋದನ್ನೇ ಅಪರಾಧ ಮಾಡೋದು. ಎರಡನೆಯದು ಅಗ್ಗ. 1986ರ ಕಾನೂನು ಮೊಬೈಲ್ ಕರೆ ಕದ್ದು ಕೇಳೋದನ್ನ ಅಪರಾಧ ಮಾಡಿತು. 1994ರ ಏಪ್ರಿಲ್‌ನಿಂದ ಆ ಫ್ರೀಕ್ವೆನ್ಸಿ ಹಿಡಿಯೋ ಸ್ಕ್ಯಾನರ್ ತಯಾರಿಸೋದು, ಆಮದು ಮಾಡೋದೂ ನಿಂತಿತು. ಬಾಯಿಗಿದ್ದ ಬೀಗ ಈಗ ಕಿವಿಗೂ ಬಂತು. ಹಾಗಂತ ಹಳೇ ಯಂತ್ರಗಳು ಎಲ್ಲಿ ಹೋಗ್ತವೆ? ರೇಡಿಯೋ ಶ್ಯಾಕ್ ಮಾರುತ್ತಿದ್ದ ಒಂದು ಹೆಸರಾಂತ ಮಾಡೆಲ್‌ನಲ್ಲಂತೂ ಒಳಗಿನ ಒಂದು ಡಯೋಡ್ ಕತ್ತರಿಸಿದರೆ ಮೊಬೈಲ್ ಬ್ಯಾಂಡ್ ವಾಪಸ್ ಬರ್ತಿತ್ತು.

ಮುಂದೇನಾಯ್ತು ನೋಡಿ. 1996ರ ಡಿಸೆಂಬರ್ 21. ಅಮೆರಿಕ ಸಂಸತ್ತಿನ ಸ್ಪೀಕರ್ ನ್ಯೂಟ್ ಗಿಂಗ್ರಿಚ್ ತಮ್ಮ ಪಕ್ಷದ ಮುಖಂಡರ ಜೊತೆ ಕಾನ್ಫರೆನ್ಸ್ ಕಾಲ್‌ನಲ್ಲಿದ್ದಾರೆ. ತಮ್ಮ ಮೇಲಿನ ನೈತಿಕ ಸಮಿತಿಯ ತನಿಖೆಯನ್ನ ಜನರ ಮುಂದೆ ಹೇಗೆ ಎದುರಿಸೋದು ಅನ್ನೋದೇ ಚರ್ಚೆ. ಅದರಲ್ಲಿದ್ದ ಜಾನ್ ಬೇನರ್ ಫ್ಲೋರಿಡಾದಲ್ಲಿ ಕಾರಿನಿಂದ ಮೊಬೈಲ್‌ನಲ್ಲಿ ಮಾತಾಡ್ತಿದ್ದರು. ಅಲ್ಲೇ ಇದ್ದ ದಂಪತಿಯ ಸ್ಕ್ಯಾನರ್‌ಗೆ ಆ ಮಾತು ಸಿಕ್ಕಿತು, ಟೇಪ್ ಮಾಡಿಕೊಂಡರು. ಟೇಪ್ ವಿರೋಧ ಪಕ್ಷದ ಜಿಮ್ ಮೆಕ್‌ಡರ್ಮಟ್ ಕೈ ಸೇರಿ, ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಮುಖಪುಟಕ್ಕೆ ಬಂತು. ದಂಪತಿಗೆ ತಲಾ 500 ಡಾಲರ್ ದಂಡ. ಬೇನರ್ ಹೂಡಿದ ಕೇಸು ಹತ್ತು ವರ್ಷ ಎಳೆದು, ಕೊನೆಗೆ ಮೆಕ್‌ಡರ್ಮಟ್ 10 ಲಕ್ಷ ಡಾಲರ್‌ಗೂ ಹೆಚ್ಚು ಕಟ್ಟಬೇಕಾಯ್ತು.

ಆದರೆ ಇನ್ನೊಂದು ತೀರ್ಪು ಗಮನಿಸಿ. ಬೇರೆಯದ್ದೇ ಒಂದು ಪ್ರಕರಣದಲ್ಲಿ, ಬಾರ್ಟ್ನಿಕಿ ವಿರುದ್ಧ ವಾಪರ್ ಅಂತ, 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು: ಕದ್ದು ಕೇಳಿದವನು ತಪ್ಪಿತಸ್ಥ ಇರಬಹುದು, ಆದರೆ ಅದರಲ್ಲಿ ಪಾಲಿಲ್ಲದ ಮಾಧ್ಯಮ ಸಾರ್ವಜನಿಕರಿಗೆ ಸಂಬಂಧಿಸಿದ ವಿಷಯವನ್ನ ಪ್ರಕಟಿಸಿದರೆ ಶಿಕ್ಷೆ ಇಲ್ಲ. ಅಂದ್ರೆ ನಿಮ್ಮ ಮನೆಯ ಮಾತಿಗೂ, ಅಧಿಕಾರದಲ್ಲಿರೋರು ಊರಿನ ಬಗ್ಗೆ ಆಡೋ ಮಾತಿಗೂ ತೂಕ ಬೇರೆ ಅಂತ ಕೋರ್ಟ್ ಒಪ್ಪಿಕೊಂಡಿತು.

ಅರ್ಧ ಕೇಳಿದ್ದರ ಅಪಾಯ

ಕೇಳುಗರು ಯಾವಾಗಲೂ ಸಾಧುಗಳು ಅಂತ ಹೇಳ್ತಾ ಇಲ್ಲ. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟವಾಗಿ ಕೆಲ ದಿನಗಳ ನಂತರದ ಒಂದು ರಾತ್ರಿ ನೆನಪಿಸಿಕೊಳ್ಳಿ. ಅಷ್ಟೊತ್ತಿಗೆ ಸ್ಕ್ಯಾನರ್ ಆಡಿಯೋ ಇಂಟರ್ನೆಟ್‌ನಲ್ಲಿ ಲೈವ್ ಬರ್ತಿತ್ತು, ಸಾವಿರಾರು ಜನ ಫೋನ್‌ನಲ್ಲೇ ಕೇಳ್ತಿದ್ದರು. ಸ್ಕ್ಯಾನರ್‌ನಲ್ಲಿ ಪೊಲೀಸರೇ ಹೆಸರು ಹೇಳಿದರು ಅಂತ ಟ್ವಿಟರ್‌ನಲ್ಲಿ ಭಾರತೀಯ ಮೂಲದ ಒಬ್ಬ ವಿದ್ಯಾರ್ಥಿಯ ಹೆಸರು ಹರಡಿತು. ಆ ಹುಡುಗ ಒಂದು ತಿಂಗಳಿಂದ ಕಾಣೆಯಾಗಿದ್ದ, ಮನೆಯವರು ಹುಡುಕ್ತಾ ಇದ್ದರು. ಸ್ಫೋಟಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ. ಕೆಲವೇ ದಿನಗಳಲ್ಲಿ ಅವನ ಶವ ಸಿಕ್ಕಿತು. ಆಮೇಲೆ ರೆಕಾರ್ಡಿಂಗ್ ಹುಡುಕಿ ಕೇಳಿದಾಗ ಅವನ ಹೆಸರು ಅದರಲ್ಲಿ ಸಿಗಲೇ ಇಲ್ಲ. ಕೇಳದ ಮಾತನ್ನ ಕೇಳಿದೆವು ಅಂತ ಜನ ಹಂಚಿದ್ದರು.

1934ರ ಕಾನೂನು ಬಾಯಿಗೆ ಯಾಕೆ ಬೀಗ ಹಾಕಿತ್ತು ಅಂತ ಇಲ್ಲಿ ಅರ್ಥ ಆಗುತ್ತೆ, ಅಲ್ವಾ?

ಪರದೆ ಮೇಲೆ ‘ಎನ್‌ಕ್ರಿಪ್ಟೆಡ್’

ಈಗಿನ ಡಿಜಿಟಲ್ ಸ್ಕ್ಯಾನರ್ ಆನ್ ಮಾಡಿದರೆ ಎಷ್ಟೋ ಊರುಗಳಲ್ಲಿ ಚಾನೆಲ್ ಸಿಗುತ್ತೆ, ಆದರೆ ಮಾತು ಸಿಗಲ್ಲ. ಮಾತು ಗೂಢಲಿಪಿಯಲ್ಲಿ ಹೋಗ್ತಾ ಇರುತ್ತೆ. 2019ರಲ್ಲಿ ಡೆನ್ವರ್ ಪೊಲೀಸರು ತಮ್ಮ ರೇಡಿಯೋ ಪೂರ್ತಿ ಮುಚ್ಚಿದರು. 2023ರಲ್ಲಿ ನ್ಯೂಯಾರ್ಕ್ ಪೊಲೀಸರು ಬ್ರೂಕ್ಲಿನ್‌ನಿಂದ ಶುರು ಮಾಡಿದರು. ವೀಜಿ ಓಡಾಡಿದ ಊರು ಅದು. ಷಿಕಾಗೋ 30 ನಿಮಿಷ ತಡಮಾಡಿ ಕೇಳಿಸೋ ವ್ಯವಸ್ಥೆ ತಂದಿತು.

ಪೊಲೀಸರ ವಾದದಲ್ಲಿ ಹುರುಳಿದೆ. ಕಳ್ಳರೂ ಕೇಳ್ತಾರೆ. ಗಾಯಗೊಂಡವರ ಹೆಸರು, ವಿಳಾಸ, ಕಾಯಿಲೆ ಎಲ್ಲ ಗಾಳಿಗೆ ಬೀಳುತ್ತೆ. ಪತ್ರಕರ್ತರ ವಾದವೂ ಅಷ್ಟೇ ಗಟ್ಟಿ: ನಡುರಸ್ತೆಯಲ್ಲಿ ಪೊಲೀಸ್ ಗುಂಡು ಹಾರಿಸಿದರೆ, ಪೊಲೀಸ್ ಇಲಾಖೆಯೇ ಹೇಳೋವರೆಗೂ ನಮಗೆ ಗೊತ್ತಾಗಬಾರದಾ? ಬೀಗ ಈಗ ಕಾನೂನಿನಲ್ಲಿ ಇಲ್ಲ, ಯಂತ್ರದೊಳಗೇ ಇದೆ. ಕಾನೂನಾದರೆ ಕೋರ್ಟಿಗೆ ಹೋಗಬಹುದು, ತಿದ್ದುಪಡಿ ಕೇಳಬಹುದು. ಎನ್‌ಕ್ರಿಪ್ಷನ್ ಜೊತೆ ವಾದ ಮಾಡೋಕೆ ಆಗಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ತಡಮಾಡಿ ಕೇಳಿಸೋದು ಒಪ್ಪಬಹುದಾದ ರಾಜಿ. ಆದರೆ ಎಷ್ಟು ತಡ, ಯಾವುದು ಮುಚ್ಚಬೇಕು ಅನ್ನೋದನ್ನ ಇಲಾಖೆ ಒಂದೇ ಕೂತು ತೀರ್ಮಾನ ಮಾಡಬಾರದು.

ನಮ್ಮಲ್ಲಿ?

ನಮ್ಮಲ್ಲಿ ಈ ಚರ್ಚೆ ಶುರುವೇ ಆಗಲಿಲ್ಲ, ಯಾಕಂದ್ರೆ ಬಾಗಿಲು 1933ರಲ್ಲೇ ಮುಚ್ಚಿತ್ತು. ಈಗ 2023ರ ದೂರಸಂಪರ್ಕ ಕಾಯ್ದೆ ಇದೆ. ಅಕ್ರಮವಾಗಿ ಸಂದೇಶ ಕದ್ದು ಕೇಳಿದರೆ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಹಾಗಾಗಿ ದಯವಿಟ್ಟು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಸ್ಕ್ಯಾನರ್ ತರಿಸಿ ಪೊಲೀಸ್ ಚಾನೆಲ್ ಹುಡುಕೋಕೆ ಹೋಗಬೇಡಿ. ಸರ್ಕಾರ ಏನು ಮಾಡ್ತಿದೆ ಅಂತ ತಿಳಿಯೋಕೆ ನಮಗೆ ಸಿಕ್ಕ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆ. ಅದು ಕಾಗದದ ದಾರಿ, ಅರ್ಜಿ ಹಾಕಿ 30 ದಿನ ಕಾಯಬೇಕು.

ಹಾಗಂತ ಕೇಳೋ ಆಸೆಗೆ ನೆಟ್ಟಗಿನ ದಾರಿ ಇಲ್ಲ ಅಂತಲ್ಲ. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆದು ಹ್ಯಾಮ್ ಲೈಸೆನ್ಸ್ ತಗೋಬಹುದು. 2005ರ ಮೇ 5ರಂದು ಇಸ್ರೋ, ಹವ್ಯಾಸಿಗಳಿಗೋಸ್ಕರವೇ ಹ್ಯಾಮ್‌ಸ್ಯಾಟ್ ಅನ್ನೋ ಪುಟ್ಟ ಉಪಗ್ರಹ ಹಾರಿಸಿತ್ತು. ಅದರಲ್ಲೊಂದು ಟ್ರಾನ್ಸ್‌ಪಾಂಡರ್ ಕಟ್ಟಿದ್ದು ನೆದರ್ಲೆಂಡ್ಸ್‌ನ ಒಬ್ಬ ವಿದ್ಯಾರ್ಥಿ. 2014ರವರೆಗೂ ಅದು ಕೆಲಸ ಮಾಡಿತು. ಯಾರು ಬೇಕಾದರೂ ಕೇಳಲಿ ಅಂತಲೇ ಬಿಟ್ಟ ದನಿ ಅದು.

ಸದ್ಯಕ್ಕೆ ಯಂತ್ರ ಬೇಡ ಅನ್ನೋರು ಫೋನ್ ಬ್ರೌಸರ್‌ನಲ್ಲಿ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ತೆರೆಯಿರಿ. ಅಲ್ಲಿನ ಆಂಟೆನಾವನ್ನ ನೀವು ಇಲ್ಲಿಂದ ಟ್ಯೂನ್ ಮಾಡಬಹುದು. ಹ್ಯಾಮ್‌ಗಳು ಮಾತಾಡೋ 7 ಮೆಗಾಹರ್ಟ್ಸ್ ಕಡೆ ಹೋಗಿ, ಇವತ್ತು ಕಲಿತ ಸ್ಕ್ವೆಲ್ಚ್ ಅಲ್ಲೂ ಸಿಗುತ್ತೆ. ಒಂದರ್ಧ ಗಂಟೆ ಸುಮ್ಮನೆ ಕೇಳಿ.

ಆಮೇಲೆ ನನಗೊಂದು ಮೆಸೇಜ್ ಹಾಕಿ: ನಿಮ್ಮೂರಿನ ಪೊಲೀಸ್ ವೈರ್‌ಲೆಸ್ ಅರ್ಧ ಗಂಟೆ ತಡವಾಗಿ ಎಲ್ಲರಿಗೂ ಕೇಳಿಸೋ ಹಾಗಿದ್ದರೆ, ಅದು ಒಳ್ಳೇದಾ, ಕೆಟ್ಟದ್ದಾ? ಯಾಕೆ ಅಂತಲೂ ಬರೀರಿ. ಉತ್ತರಗಳನ್ನ ಮುಂದಿನ ಕಂತಿನಲ್ಲಿ ಓದ್ತೀನಿ. ಅಲ್ಲಿವರೆಗೂ ನಮಸ್ಕಾರ.