ಭಾನುವಾರದ ಕಾರ್ಟೂನುಗಳು ಮತ್ತು ನಮ್ಮ ಮುಂಬಯಿ

ಭಾಂಡುಪ್‌ನ ನಮ್ಮ ಚಾಳಿನಲ್ಲಿ ಹನ್ನೆರಡು ಖೋಲಿಗಳಿದ್ದವು. ಟಿವಿ ಇದ್ದದ್ದು ಎರಡೇ ಮನೆಗಳಲ್ಲಿ. ಅದರಲ್ಲೊಂದು ಪಕ್ಕದ ಮರಾಠಿ ಮಾವಶಿಯ ಮನೆ. ಭಾನುವಾರ ಬೆಳಗ್ಗೆ ಅಮ್ಮ ಇನ್ನೂ ದೋಸೆ ಎರೆಯುತ್ತಿರುವಾಗಲೇ ಅಣ್ಣನೂ ನಾನೂ ಮಾವಶಿಯ ಹೊಸ್ತಿಲಲ್ಲಿ ಹಾಜರು! ಅಪ್ಪನಿಗೆ ದಾದರಿನ ಹೋಟೆಲಿನಲ್ಲಿ ಕೆಲಸ. ಅವರಿಗೆ ಭಾನುವಾರವೆಂಬುದೇ ಇರಲಿಲ್ಲ.

ಮುಂಬಯಿಗೆ ದೂರದರ್ಶನ ಬಂದದ್ದು 1972ರ ಅಕ್ಟೋಬರ್ 2ರಂದು. ನಾವು ನೋಡಲು ಕೂತ ಕಾಲಕ್ಕೆ ಅದಕ್ಕೆ ಬಣ್ಣವೂ ಬಂದಿತ್ತು. ಸ್ಪೈಡರ್‌ಮ್ಯಾನ್, ಹೀ-ಮ್ಯಾನ್, ಆಮೇಲೆ ಡಕ್‌ಟೇಲ್ಸ್, ಟೇಲ್‌ಸ್ಪಿನ್. 1993ರಲ್ಲಿ ಜಂಗಲ್ ಬುಕ್ ಬಂದಾಗಲಂತೂ ಚಾಳಿನ ಮಕ್ಕಳೆಲ್ಲ ಮೊಗ್ಲಿಗಳೇ. ಅದು ಜಪಾನಿನವರು ಮಾಡಿದ ಧಾರಾವಾಹಿ. ಹಿಂದಿಯಲ್ಲಿ ಗುಲ್ಜಾರರ ಹಾಡು, ವಿಶಾಲ್ ಭಾರದ್ವಾಜರ ಸಂಗೀತ, ಶೇರ್ ಖಾನನಿಗೆ ನಾನಾ ಪಾಟೇಕರರ ದನಿ. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ. ಹೀಗೆ ಮೂರು ಭಾಷೆಗಳ ನಡುವೆ ನಾವು ಬೆಳೆದೆವು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಆಪ್ತವಾಗಿದ್ದದ್ದು, ಕಾರ್ಯಕ್ರಮಗಳ ನಡುವೆ ಆಗಾಗ ಬರುತ್ತಿದ್ದ ‘ಏಕ್ ಅನೇಕ್ ಔರ್ ಏಕತಾ’. ಮಕ್ಕಳಿಗೆ ಕಥೆ ಹೇಳುವ ದೀದಿ, ಬಲೆಗೆ ಬಿದ್ದ ಹಕ್ಕಿಗಳು, ಒಟ್ಟಾಗಿ ಬಲೆಯನ್ನೇ ಎತ್ತಿಕೊಂಡು ಹಾರುವುದು, ಇಲಿಗಳು ಬಲೆ ಕಡಿಯುವುದು. “ಇದು ನಮ್ಮ ಪಂಚತಂತ್ರದ ಪಾರಿವಾಳದ ಕಥೆಯಲ್ಲವಾ?” ಎಂದು ಅಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಹಿಂದಿ ಬಾರದ ಅಮ್ಮನಿಗೂ ಪೂರ್ತಿ ಅರ್ಥವಾದ ಕಾರ್ಟೂನ್ ಅದೊಂದೇ.

ಕಾರ್ಟೂನ್ ಎಂದರೆ ವಿದೇಶದಿಂದ ಬರುವುದು ಎಂದೇ ನಾನು ತಿಳಿದಿದ್ದೆ. ಈ ಚಿತ್ರ ನಮ್ಮ ಮುಂಬಯಿಯದೇ ಕೂಸು ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಪೆಡ್ಡರ್ ರೋಡಿನ ಫಿಲ್ಮ್ಸ್ ಡಿವಿಜನ್ 1956ರಲ್ಲಿ ಕಾರ್ಟೂನ್ ವಿಭಾಗ ತೆರೆಯಿತು. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಇಲ್ಲಿಯ ಕಲಾವಿದರಿಗೆ ತರಬೇತಿ ಕೊಟ್ಟರು. 1974ರ ‘ಏಕ್ ಅನೇಕ್’ ಅದೇ ಫಿಲ್ಮ್ಸ್ ಡಿವಿಜನ್ನಿನದು. ನಿರ್ದೇಶಿಸಿದವರು ಒಬ್ಬ ಮಹಿಳೆ, ಮುಂಬಯಿಯಲ್ಲೇ ಹುಟ್ಟಿದ ವಿಜಯಾ ಮುಳೆ. ಚಿತ್ರಗಳಿಗೆ ಜೀವ ಕೊಟ್ಟವರು ಭೀಮಸೇನ್. ಮುಂದೆ ಇದೇ ಭೀಮಸೇನ್, ಮುಂಬಯಿಯಲ್ಲಿ ಮನೆ ಹುಡುಕುವ ಜೋಡಿಯ ಕಥೆ ‘ಘರೋಂದಾ’ ತೆಗೆದರು. ಖೋಲಿಯಲ್ಲಿ ಬಾಳಿದವರಿಗೆ ಆ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ.

ಸಿನಿಮಾ ರೀಲಿನಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಏಳು ನಿಮಿಷವೆಂದರೆ ಹತ್ತು ಸಾವಿರಕ್ಕೂ ಮಿಕ್ಕಿ! ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಚಿತ್ರಗಳನ್ನು ಕೈಯಲ್ಲೇ ಬಿಡಿಸಿ, ಒಂದೊಂದಾಗಿ ಕ್ಯಾಮರಾದಡಿ ಇಡಬೇಕಿತ್ತು.

ಇನ್ನೊಂದು ಕಾರ್ಟೂನಿನ ನೆನಪು ಹೇಳದೆ ಈ ಬರಹ ಮುಗಿಯದು. ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸುವ ಹೊತ್ತು. ಮುಂದೆ ಓದಬೇಕಾದರೆ ದೂರದ ಹೈಸ್ಕೂಲಿಗೆ ರೈಲಿನಲ್ಲಿ ಹೋಗಬೇಕು. “ಹುಡುಗಿಗೆ ಇಷ್ಟು ಸಾಕು, ಊರಿಗೆ ಕಳಿಸಿ” ಎಂದು ನೆಂಟರ ಸಲಹೆ. ಆ ದಿನಗಳಲ್ಲಿ ಚಾಳಿನ ಅಂಗಳದ ಮಹಿಳೆಯರ ಸಭೆಯೊಂದರಲ್ಲಿ ‘ಮೀನಾ’ ತೋರಿಸಿದರು. ಯುನಿಸೆಫ್ 1990ರ ದಶಕದಲ್ಲಿ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿ ರೂಪಿಸಿದ ಪಾತ್ರ ಅದು. ಅದರ ಹಿಂದಿದ್ದವರೂ ಮುಂಬಯಿಯವರೇ, ಫಿಲ್ಮ್ಸ್ ಡಿವಿಜನ್ನಿನ ಅದೇ ಗರಡಿಯಲ್ಲಿ ಪಳಗಿದ ರಾಮ್ ಮೋಹನ್. ಮರ ಹತ್ತಿ ಮಾವಿನ ಹಣ್ಣು ಕೊಯ್ದವಳು ಮೀನಾ, ದೊಡ್ಡ ಪಾಲು ಸಿಗುವುದು ತಮ್ಮ ರಾಜುವಿಗೆ. ಆಮೇಲೆ ಇಬ್ಬರೂ ಒಂದು ದಿನ ಕೆಲಸ ಅದಲುಬದಲು ಮಾಡಿಕೊಳ್ಳುತ್ತಾರೆ. ಮೀನಾಳ ಕೆಲಸಕ್ಕೆ ರಾಜು ಸುಸ್ತಾದಾಗ ಹೆಂಗಸರೆಲ್ಲ ನಕ್ಕರು. ಅಮ್ಮ ನಗಲಿಲ್ಲ.

ಆ ರಾತ್ರಿ ಮೀನಿನ ತುಂಡು ಬಡಿಸುವಾಗ ಅಮ್ಮ ಒಂದು ಗಳಿಗೆ ತಡೆದಳು. ಎಂದೂ ಅಣ್ಣನಿಗೇ ಹೋಗುತ್ತಿದ್ದ ನಡುತುಂಡನ್ನು ಎರಡು ಮಾಡಿದಳು. ಅಣ್ಣ ಒಮ್ಮೆ ತಟ್ಟೆ ನೋಡಿದ, ಒಮ್ಮೆ ನನ್ನನ್ನು ನೋಡಿದ. ಏನೂ ಹೇಳಲಿಲ್ಲ. ಜೂನ್‌ನಲ್ಲಿ ನನಗೆ ರೈಲಿನ ಪಾಸ್ ಬಂತು.

ಕಾರ್ಟೂನಿನಿಂದಲೇ ನನ್ನ ಓದು ಮುಂದುವರಿಯಿತು ಎಂದರೆ ಅತಿಯಾದೀತು. ಅಪ್ಪನ ದುಡಿಮೆ, ಮಾವಶಿಯ ಒತ್ತಾಯ ಎಲ್ಲವೂ ಇದ್ದವು. ಆದರೆ ಅಮ್ಮನ ಮನಸ್ಸಿನೊಳಗಿದ್ದ ಮಾತಿಗೆ ಆ ಪುಟ್ಟ ಹುಡುಗಿ ಧೈರ್ಯ ಕೊಟ್ಟಳು ಎಂದು ನನ್ನ ನಂಬಿಕೆ.

ಈಗ ನನ್ನ ಮಗಳ ಕೈಯಲ್ಲಿ ಮೊಬೈಲ್ ಇದೆ, ಕನ್ನಡದಲ್ಲೇ ಬೇಕಾದಷ್ಟು ಕಾರ್ಟೂನುಗಳಿವೆ. ಮೊನ್ನೆ ಅವಳಿಗೆ ‘ಏಕ್ ಅನೇಕ್’ ಹಾಕಿ ತೋರಿಸಿದೆ. ಎಂಬತ್ತು ದಾಟಿದ ಅಮ್ಮನೂ ಪಕ್ಕದಲ್ಲಿ ಬಂದು ಕೂತಳು. ಹಕ್ಕಿಗಳು ಬಲೆ ಸಮೇತ ಹಾರಿದಾಗ ಮೊದಲು ಚಪ್ಪಾಳೆ ತಟ್ಟಿದವಳು ಅಮ್ಮನೇ.