ತೊಗಲಿನ ಹದ

ಕನ್ನಡದಲ್ಲಿ ‘ಹದ’ ಎಂಬುದೊಂದು ಮಾತುಂಟು. ಬೆಲ್ಲದ ಪಾಕಕ್ಕೆ ಹದ, ಬಿತ್ತನೆಯ ನೆಲಕ್ಕೆ ಹದ, ತೊಗಲಿಗೂ ಹದ. ಪಾಕದ ಹದ ಕೆಟ್ಟರೆ ಆ ದಿನವೇ ತಿಳಿಯುತ್ತದೆ. ನೆಲದ ಹದ ತಪ್ಪಿದ್ದು ಸುಗ್ಗಿಯ ಹೊತ್ತಿಗೆ ತಿಳಿಯುತ್ತದೆ. ತೊಗಲಿನ ಹದ ತಪ್ಪಿದ್ದು ತಿಳಿಯುವುದಕ್ಕೆ ಮಾತ್ರ ಕೆಲವು ವೇಳೆ ಒಂದು ತಲೆಮಾರೇ ಕಳೆಯಬೇಕು. ಮೋಟಾರು ಗಾಡಿಯ ತೊಗಲಿನ ಆಸನಗಳನ್ನು ಶುಚಿಗೊಳಿಸುವ, ಎಣ್ಣೆಯುಣಿಸುವ ಪದ್ಧತಿಯ ಚರಿತ್ರೆಯನ್ನು ಹೇಳಹೊರಟವನು ಈ ಮಾತಿನಿಂದ ಆರಂಭಿಸಲು ಕಾರಣವಿದೆ.

ನನ್ನ ಸೋದರಮಾವನವರ ಬಳಿ ಯುದ್ಧಪೂರ್ವದ ಹಳೆಯ ಇಂಗ್ಲಿಷ್ ಮೋಟಾರೊಂದಿತ್ತು. ಅದರ ಕಂದುಬಣ್ಣದ ಆಸನಗಳಿಗೆ ಮಂಕು ಕವಿದಿತ್ತು. ಹುಡುಗುಬುದ್ಧಿಯ ಉತ್ಸಾಹದಿಂದ ನಾನು ಬಟ್ಟೆಯೊಗೆಯುವ ಸೋಡವನ್ನು ಬಿಸಿನೀರಿನಲ್ಲಿ ಕರಗಿಸಿ ಅವನ್ನು ಉಜ್ಜಿ ತೊಳೆದೆ, ಬಿಸಿಲಿನಲ್ಲಿ ಒಣಗಿಸಿದೆ, ಮೇಲೆ ಧಾರಾಳವಾಗಿ ಹರಳೆಣ್ಣೆ ಬಳಿದೆ. ಎರಡು ದಿನ ಆಸನಗಳು ಮಿರುಗಿದವು. ಆಮೇಲೆ ಜಿಗುಟಾದವು, ಧೂಳು ಹಿಡಿದವು. ಬೇಸಗೆ ಕಳೆಯುವುದರೊಳಗೆ ಹೊಲಿಗೆಯ ಅಂಚಿನಲ್ಲೆಲ್ಲ ಬಿರುಕು ಬಿಟ್ಟವು. ಮಾವನವರು ನನ್ನನ್ನು ಬಯ್ಯಲಿಲ್ಲ; ತೊಗಲಿನ ಕೆಲಸದಲ್ಲಿ ನುರಿತ ವೃದ್ಧರೊಬ್ಬರನ್ನು ಕರೆಸಿದರು. ಅವರು ಬಿರುಕಿನ ಅಂಚನ್ನು ಉಗುರಿನಿಂದ ಕೆರೆದು, ಬೆರಳಿಗಂಟಿದ ಪುಡಿಯನ್ನು ನೋಡಿ, “ಇದಕ್ಕೆ ಎಣ್ಣೆ ಕೊಡೋ ಕಾಲ ಎಂದೋ ಮುಗಿದುಹೋಯ್ತು ಸ್ವಾಮಿ. ಎಣ್ಣೆ ಕೊಡೋದು ಹದ ಮಾಡುವಾಗ” ಎಂದರು. ಆ ಮಾತಿನ ಅರ್ಥ ನನಗೆ ಆಗಲಿಲ್ಲ. ಅರ್ಥವಾದದ್ದು ಬಹುಕಾಲದ ಮೇಲೆ, ಪುಸ್ತಕಗಳ ಮೂಲಕ.

ಹಸಿಯ ತೊಗಲು ಸೂಕ್ಷ್ಮವಾದ ಎಳೆಗಳ ಹೆಣಿಗೆ. ಹಾಗೆಯೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಂತೆ ಸೆಟೆಯುತ್ತದೆ. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದು, ಮರದ ತೊಗಟೆಯ ಒಗರು ರಸದಲ್ಲಿ ವಾರಗಟ್ಟಲೆ ಅದ್ದಿಟ್ಟರೆ ಆ ಒಗರು ಎಳೆಗಳಿಗೆ ಬೆಸೆದುಕೊಂಡು ಕೊಳೆಯನ್ನು ತಡೆಯುತ್ತದೆ. ಆದರೂ ಕೆಲಸ ಮುಗಿಯುವುದಿಲ್ಲ. ಒಣಗುವಾಗ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳದಂತೆ, ಇನ್ನೂ ತೇವವಿರುವಾಗಲೇ ಅವುಗಳ ನಡುವೆ ಕೊಬ್ಬನ್ನೋ ಎಣ್ಣೆಯನ್ನೋ ಸೇರಿಸಬೇಕು. ತೊಗಲಿನ ಮೃದುತ್ವ ಹುಟ್ಟುವುದು ಅಲ್ಲಿ. ವೃದ್ಧರು ಹೇಳಿದ್ದು ಇದನ್ನೇ.

ಹಾಗಾದರೆ ಆಸನಕ್ಕೆ ಮೇಲಿನಿಂದ ಎಣ್ಣೆ ತಿಕ್ಕುವ ಪದ್ಧತಿ ಎಲ್ಲಿಂದ ಬಂತು? ಕುದುರೆಯ ಲಾಯದಿಂದ. ಇಂಗ್ಲೆಂಡಿನಲ್ಲಿ ಮೊದಮೊದಲ ಮೋಟಾರುಗಳ ಒಡಲನ್ನು ಕಟ್ಟಿದವರು ಸಾರೋಟು ಕಟ್ಟುವ ಕುಶಲಿಗಳೇ. ಮುಚ್ಚಿದ ಗಾಡಿಗಳಲ್ಲಿ ಒಳಗೆ ಕೂಡುವ ಒಡೆಯನಿಗೆ ನಯವಾದ ಉಣ್ಣೆಬಟ್ಟೆಯ ಆಸನ. ಮಳೆಬಿಸಿಲಿಗೆ ಮೈಯೊಡ್ಡಿ ಮುಂದೆ ಕೂಡುವ ಚಾಲಕನಿಗೆ ಒರೆಸಿಕೊಳ್ಳಬಹುದಾದ ತೊಗಲಿನ ಆಸನ. ಇಂದು ಸಿರಿತನದ ಕುರುಹಾಗಿರುವ ತೊಗಲು ಅಂದು ಆ ಗಾಡಿಗಳಲ್ಲಿ ಸೇವಕನ ಪಾಲಿನದಾಗಿತ್ತು. ಲಾಯದಲ್ಲಿ ಜೀನು, ಲಗಾಮುಗಳಿಗೆ ವಿಶೇಷ ಸಾಬೂನು ಹಚ್ಚಿ, ದನದ ಕಾಲನ್ನು ಬೇಯಿಸಿ ತೆಗೆದ ಎಣ್ಣೆ ತಿಕ್ಕುವ ರೂಢಿಯಿತ್ತು. ಮೈಬಿಚ್ಚಿದ ಆ ತೊಗಲಿನ ಕೊಬ್ಬನ್ನು ಕುದುರೆಯ ಬೆವರೂ ಮಳೆಯೂ ಮತ್ತೆ ಮತ್ತೆ ಕಳೆಯುತ್ತಿದ್ದುದರಿಂದ ಅದು ಯುಕ್ತವೂ ಆಗಿತ್ತು. ಕುದುರೆ ಹೋಗಿ ಮೋಟಾರು ಬಂದಾಗ ಲಾಯದ ಎಣ್ಣೆಯ ಡಬ್ಬಿಯೂ ಅದರ ಹಿಂದೆಯೇ ಬಂದಿತು.

ಆ ಕಾಲದಲ್ಲಿಯೇ ಲಂಡನ್ನಿನಲ್ಲಿ ತೊಗಲಿನ ಬಾಳಿಕೆಯ ಬಗೆಗೆ ದೊಡ್ಡ ಚಿಂತೆ ಹುಟ್ಟಿತ್ತು. ಚಿಂತೆ ಹುಟ್ಟಿದ್ದು ಗಾಡಿಗಳಿಂದಲ್ಲ, ಗ್ರಂಥಾಲಯಗಳಿಂದ. ಮುನ್ನೂರು ವರ್ಷದ ಹಳೆಯ ಹೊದಿಕೆಗಳು ಗಟ್ಟಿಯಾಗಿರುವಾಗ ಮೂವತ್ತು ವರ್ಷದ ಈಚಿನವು ಕೆಂಪು ಪುಡಿಯಾಗಿ ಉದುರುತ್ತಿದ್ದವು. ಕಾರಣವನ್ನರಸಲು ಅಲ್ಲಿಯ ಕಲಾಸಂಘವು ಲಾರ್ಡ್ ಕಾಬಮ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ೧೯೦೧ರಲ್ಲಿಯೂ ೧೯೦೫ರಲ್ಲಿಯೂ ವರದಿಗಳು ಬಂದವು. ಬಣ್ಣ ಕೊಡುವಾಗ ಬಳಸಿದ ಗಂಧಕಾಮ್ಲ, ದೀಪದ ಅನಿಲದ ಹೊಗೆ, ಬಿಸಿಲು, ಇವೆಲ್ಲ ಅಪರಾಧಿಗಳೆಂದು ಗೊತ್ತಾಯಿತು. ಹದಕ್ಕೆ ಬಳಸಿದ ಒಗರಿನ ಜಾತಿಯೂ ಮುಖ್ಯವೆಂದು ತಿಳಿದುಬಂತು. ಪುಸ್ತಕದ ಹೊದಿಕೆಗೆ ತೀರ ಕೆಟ್ಟದ್ದೆಂದು ಸಮಿತಿ ಹೇಳಿದವುಗಳಲ್ಲಿ ಹಿಂದೂಸ್ಥಾನದಿಂದ ಹೋಗುತ್ತಿದ್ದ ಕುರಿ, ಆಡುಗಳ ತೊಗಲು ಒಂದು. ಅದನ್ನು ಹದಮಾಡುತ್ತಿದ್ದುದು ನಮ್ಮ ಬಯಲುಸೀಮೆಯ ಬೀಳುಗಳಲ್ಲಿ ಹಳದಿ ಹೂ ತಳೆದು ನಿಲ್ಲುವ ತಂಗಡಿಯ ತೊಗಟೆಯಿಂದ. ಕೆಲವು ಕಡೆ ಈ ಗಿಡವನ್ನೇ ಆವರಿಕೆ ಎನ್ನುತ್ತಾರೆ.

ಇದನ್ನು ಮೊದಲು ಓದಿದಾಗ ನನಗೆ ನೋವಾಯಿತು. ನಮ್ಮ ಕುಶಲಿಗಳು ಹದ ತಪ್ಪಿದರೆ? ವಿಚಾರಿಸಿದರೆ ಹಾಗಲ್ಲ. ತಂಗಡಿಯ ಹದದ ತೊಗಲು ಮೆದು, ಹಗುರ, ತಿಳಿಬಣ್ಣದ್ದು. ಬೇರೆ ಅನೇಕ ಉಪಯೋಗಗಳಿಗೆ ಅದು ಒಳ್ಳೆಯದೆಂಬುದನ್ನು ಸಮಿತಿಯೂ ಒಪ್ಪಿತ್ತು. ಅದು ಬೆಳಕಿಗೆ ಕೆಂಪಾಗುವ, ಆಮ್ಲಕ್ಕೆ ಬೇಗ ಸೋಲುವ ಜಾತಿಯದು. ಊರಿನ ಕೆರಕ್ಕೆ ನೂರು ವರ್ಷದ ಬಾಳಿಕೆ ಯಾರೂ ಕೇಳಿರಲಿಲ್ಲ. ಹೊಗೆ ತುಂಬಿದ ಲಂಡನ್ನಿನ ಪುಸ್ತಕದ ಬೀರುವಿನಲ್ಲಿ ಅದನ್ನಿಟ್ಟು ಶತಮಾನದ ಬಾಳಿಕೆ ಕೇಳಿದ್ದು ಅಗ್ಗವನ್ನರಸಿದ ವ್ಯಾಪಾರ.

ಕೆಟ್ಟ ತೊಗಲನ್ನು ಎಣ್ಣೆಯಿಂದ ಉಳಿಸಬಹುದೆಂಬ ಆಸೆ ಮಾತ್ರ ಹೋಗಲಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ಹೆರಾಲ್ಡ್ ಪ್ಲೆಂಡರ್ಲೀತ್ ಅವರು ಹಳೆಯ ಹೊದಿಕೆಗಳ ರಕ್ಷಣೆಯನ್ನು ಕುರಿತು ೧೯೪೬ರಲ್ಲಿ ಪುಸ್ತಿಕೆಯೊಂದನ್ನು ಬರೆದರು. ಕುರಿಯ ಉಣ್ಣೆಯ ಮೇಣ, ಜೇನುಮೇಣ, ದೇವದಾರಿನ ಜಾತಿಯ ಮರದ ಎಣ್ಣೆ ಸೇರಿದ ಆ ಸಂಸ್ಥೆಯ ಲೇಪ ಲೋಕಪ್ರಸಿದ್ಧವಾಯಿತು. ಅದು ಬಿರುಸನ್ನು ಕಳೆಯುತ್ತದೆ, ನಿಜ. ಒಳಗೆ ಆಮ್ಲವು ನಡೆಸುವ ನಾಶವನ್ನು ನಿಲ್ಲಿಸಲಾರದೆಂಬುದು ಈಚಿನ ಸಂಶೋಧನೆಗಳಿಂದ ಸ್ಪಷ್ಟವಾಗಿದೆ.

ಈ ನಡುವೆ ಹದದ ವಿದ್ಯೆಯೇ ಬದಲಾಗಿತ್ತು. ೧೮೮೪ರಲ್ಲಿ ಅಮೆರಿಕದ ಅಗಸ್ಟಸ್ ಶುಲ್ಟ್ಸ್ ಎಂಬುವರು ತೊಗಟೆಗೆ ಬದಲಾಗಿ ಕ್ರೋಮಿಯಂ ಲವಣಗಳಿಂದ ಹದಮಾಡುವ ಕ್ರಮಕ್ಕೆ ಪೇಟೆಂಟ್ ಪಡೆದರು. ವಾರಗಳ ಕೆಲಸ ದಿನಗಳಿಗಿಳಿಯಿತು. ತೊಗಲು ನೀರನ್ನೂ ಕಾವನ್ನೂ ಹೆಚ್ಚಾಗಿ ತಡೆಯುವಂತಾಯಿತು. ದಕ್ಷಿಣ ಭಾರತಕ್ಕೆ ಈ ವಿದ್ಯೆ ಬಂದ ಬಗೆ ಸ್ವಾರಸ್ಯವಾದುದು. ಆಲ್ಫ್ರೆಡ್ ಚಾಟರ್ಟನ್ ಅವರು ೧೯೦೩ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಪ್ರಯೋಗಗಳನ್ನು ಆರಂಭಿಸಿದಾಗ ಅವರ ಕಣ್ಣಿದ್ದುದು ಸಾಹೇಬರ ಗಾಡಿಯ ಮೇಲಲ್ಲ, ರೈತನ ಬಾವಿಯ ಮೇಲೆ. ಕಪಿಲೆಯಿಂದ ನೀರೆತ್ತುವ ತೊಗಲಿನ ಚೀಲ ಸದಾ ನೆನೆದು ಕೊಳೆಯುತ್ತಿತ್ತು; ಕ್ರೋಮ್ ಹದದ ತೊಗಲು ಅದಕ್ಕೆ ತಕ್ಕುದೆಂದು ಅವರು ಕಂಡರು. ಮುಂದೆ ಅವರು ಮೈಸೂರು ಸಂಸ್ಥಾನಕ್ಕೆ ಕೈಗಾರಿಕೆಗಳ ನಿರ್ದೇಶಕರಾಗಿ ಬಂದರು.

ಮೋಟಾರಿನ ಆಸನಕ್ಕೆ ಎರಡನೆಯ ಬದಲಾವಣೆ ಮೇಲ್ಮೈಯಲ್ಲಿ ಆಯಿತು. ಮೊದಲ ಮಹಾಯುದ್ಧದ ಅನಂತರ ತೊಗಲಿನ ಮೇಲೆ ನೈಟ್ರೋಸೆಲ್ಯುಲೋಸಿನ ಬಣ್ಣದ ಲೇಪ ಬಂತು. ಮುಂದೆ ಪಾಲಿಯುರೆಥೇನಿನ ಪೊರೆ ಬಂತು. ನಮ್ಮಲ್ಲಿ ಮನೆಮಾತಾದ ರೆಕ್ಸಿನ್ ಎಂಬುದು ಅಂಥದೇ ಲೇಪವನ್ನು ತೊಗಲಿಗೆ ಬದಲು ಬಟ್ಟೆಗೆ ಹಚ್ಚಿದ್ದು. ಲೇಪದ ದಪ್ಪ ೦.೧೫ ಮಿಲಿಮೀಟರನ್ನು ಮೀರಿದರೆ ಅದನ್ನು ಬರಿಯ ತೊಗಲೆಂದು ಕರೆಯಲಾಗದು, ಲೇಪಿತ ತೊಗಲೆಂದೇ ಕರೆಯಬೇಕೆಂದು ಯುರೋಪಿನ ಮಾನಕ ವಿಧಿಸುತ್ತದೆ. ಈಗಿನ ಬಹುಪಾಲು ಗಾಡಿಗಳಲ್ಲಿ ನಾವು ಮುಟ್ಟುವುದು ಈ ಪೊರೆಯನ್ನೇ ಹೊರತು ತೊಗಲನ್ನಲ್ಲ. ಲಂಡನ್ನಿನಲ್ಲಿ ೧೮೭೮ರಲ್ಲಿ ಆರಂಭವಾಗಿ ರೋಲ್ಸ್‌ರಾಯ್ಸ್ ಗಾಡಿಗಳಿಗೆ ತೊಗಲೊದಗಿಸುತ್ತಿದ್ದ ಕಾನೊಲಿ ಸಂಸ್ಥೆಯ ಪಾಲಿಶಿಗೆ ‘ಹೈಡ್ ಫುಡ್’, ಅಂದರೆ ತೊಗಲಿನ ಆಹಾರ, ಎಂದೇ ಹೆಸರು. ಆ ಸಂಸ್ಥೆಯ ಕಾರ್ಖಾನೆ ೨೦೦೨ರಲ್ಲಿ ಮುಚ್ಚಿತು. ತೊಗಲಿಗೆ ಹಸಿವಾಗುತ್ತದೆ, ನಾವು ಉಣಿಸಬೇಕು ಎಂಬ ಭಾವನೆ ಇನ್ನೂ ಮುಚ್ಚಿಲ್ಲ.

ಇಷ್ಟು ತಿಳಿದಮೇಲೆ ಮಾಡಬೇಕಾದ್ದು ಸರಳ. ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಅದು ಹೀರಿಕೊಂಡು ಕಪ್ಪಾದರೆ ತೊಗಲು ಬರಿಮೈಯದು. ಅದಕ್ಕೆಂದೇ ಮಾಡಿದ ಲೇಪವನ್ನು ತೆಳುವಾಗಿ, ಅಪರೂಪವಾಗಿ ಹಚ್ಚಬಹುದು. ಹನಿ ಹಾಗೆಯೇ ನಿಂತರೆ ಮೇಲೆ ಪೊರೆಯಿದೆ. ಎಣ್ಣೆ ಒಳಗಿಳಿಯದೆ ಧೂಳನ್ನು ಹಿಡಿದಿಡುತ್ತದೆ, ಮರಳಿನ ಕಣಗಳು ಅರದಂತೆ ಪೊರೆಯನ್ನು ಸವೆಸುತ್ತವೆ. ಹೊಲಿಗೆಯ ಸಂದಿನ ಧೂಳನ್ನು ಮೆದುವಾದ ಬ್ರಷ್ಷಿನಿಂದ ತೆಗೆದು, ಸೌಮ್ಯವಾದ ಸಾಬೂನುನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಮತ್ತೆ ಬರಿನೀರಿನ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಬಿಡಬೇಕು. ತೊಗಲು ಸ್ವಭಾವತಃ ಆಮ್ಲೀಯ, ಸೋಡ ಕ್ಷಾರ, ಅವೆರಡಕ್ಕೂ ಸ್ನೇಹವಿಲ್ಲ. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸುವುದು ಎಷ್ಟೋ ಡಬ್ಬಿ ಲೇಪಗಳಿಗಿಂತ ಮೇಲು.

ಹನ್ನೆರಡನೆಯ ಶತಮಾನದ ಶರಣ ಹರಳಯ್ಯನ ಕಾಲದಿಂದಲೂ ನಮ್ಮ ಸಮಾಜ ತೊಗಲನ್ನು ಮೆಟ್ಟಿತು, ಅದರ ಮೇಲೆ ಕುಳಿತಿತು; ಅದನ್ನು ಹದಗೊಳಿಸಿದವರನ್ನು ಮಾತ್ರ ಊರ ಹೊರಗೆ ಇರಿಸಿತು. ಅವರ ವಿದ್ಯೆಯನ್ನು ಕೇಳಿ ತಿಳಿಯುವ ಸಂದರ್ಭವೇ ಒದಗದಂತೆ ನಾವು ಮಾಡಿಕೊಂಡೆವು. ಆ ದಿನ ಮಾವನವರು ವೃದ್ಧರನ್ನು ಜಗುಲಿಯ ಮೇಲೆ ಕೂರಿಸಲಿಲ್ಲ. ಅಂಗಳದಲ್ಲಿ ನಿಲ್ಲಿಸಿಯೇ ಮಾತನಾಡಿಸಿದರು. ನಾನೂ ಅದನ್ನು ನೋಡುತ್ತ ನಿಂತಿದ್ದೆ. ಸೋಡದಿಂದ ಕೆಟ್ಟ ಆಸನಗಳಿಗೆ ಬೇರೆ ಹೊದಿಕೆ ಹಾಕಿಸಿದ್ದಾಯಿತು. ಆ ಇನ್ನೊಂದು ತಪ್ಪು ಮಾತ್ರ ಹಾಗೆಯೇ ಉಳಿದಿದೆ.